ಕಥೋಲಿಕ ಅತ್ತೆಯವರ ಅಂತ್ಯಸಂಸ್ಕಾರಕ್ಕೆ ಸಿದ್ಧತೆ ಹೇಗೆ?

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿರುವ ಅತ್ತೆಯವರು ಬದುಕುವ ಭರವಸೆ ಇನ್ನು ಉಳಿದಿಲ್ಲ, ಅವರು ಕಥೋಲಿಕರು, ನೀವು ಅನ್ಯಧರ್ಮೀಯರು, ಆದರೂ ಅಂತ್ಯಸಂಸ್ಕಾರದ ಹೊಣೆ ನಿಮ್ಮದೇ ಎಂದು ಬರೆದಿದ್ದೀರಿ. ದಹನ ಮಾಡಬಹುದೇ ಎಂದೂ ಕೇಳಿದ್ದೀರಿ. ಇಲ್ಲಿನ ಚರ್ಚಿನ ಗಾಯನವೃಂದದಲ್ಲಿದ್ದು, ಇಂಥ ಹಲವು ಕುಟುಂಬಗಳೊಂದಿಗೆ ನಿಂತವನಾಗಿ ಉತ್ತರಿಸುತ್ತಿದ್ದೇನೆ.

ಮೊದಲು, ತಡಮಾಡದೆ, ಅವರ ಚರ್ಚಿನ ಫಾದರ್ ಅವರನ್ನು ಆಸ್ಪತ್ರೆಗೆ ಕರೆಸಿರಿ. ಪವಿತ್ರ ತೈಲ ಹಚ್ಚಿ ನೀಡುವ ಅಭ್ಯಂಗ ಸಂಸ್ಕಾರವು ಬದುಕಿರುವವರಿಗೆ ಮಾತ್ರ. ಉಸಿರು ನಿಂತ ಮೇಲೆ ಅದನ್ನು ಕೊಡಲಾಗದು. ಮಾತನಾಡುವ ಚೈತನ್ಯ ಅವರಲ್ಲಿದ್ದರೆ, ಯಾವ ಹಾಡು, ಬೈಬಲಿನ ಯಾವ ವಾಚನ ಇಷ್ಟವೆಂದು ಅವರನ್ನೇ ಕೇಳಿರಿ. ಈ ಮಾತೆತ್ತುವುದು ಅಶುಭವೆಂದು ಮನೆಯವರು ಹಿಂಜರಿಯಬಹುದು, ಆದರೆ ವಿಶ್ವಾಸಿಯಾದ ಹಿರಿಯರಿಗೆ ಇದರಿಂದ ಸಮಾಧಾನ ಸಿಗುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ.

ಸಂಸ್ಕಾರವು ಮೂರು ಹಂತಗಳದ್ದು: ಮನೆಯಲ್ಲಿ ಜಾಗರಣೆಯ ಪ್ರಾರ್ಥನೆ, ಚರ್ಚಿನಲ್ಲಿ ಬಲಿಪೂಜೆ (ಮಾಸ್), ಸಮಾಧಿಯ ಬಳಿ ಅಂತಿಮ ಪ್ರಾರ್ಥನೆ. ಫಾದರ್ ಒಪ್ಪುವವರೆಗೆ ಬಂಧುಗಳಿಗೆ ಸಮಯ ತಿಳಿಸಬೇಡಿರಿ, ಏಕೆಂದರೆ ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ, ಶುಭ ಶುಕ್ರವಾರ, ಪವಿತ್ರ ಶನಿವಾರಗಳಂದು ಹಾಗೂ ಈಸ್ಟರ್‌ಗೆ ಸಿದ್ಧತೆಯ ಉಪವಾಸದ ಕಾಲವಾದ ತಪಸ್ಸುಕಾಲದ ಭಾನುವಾರಗಳಂಥ ಕೆಲವು ದಿನಗಳಲ್ಲಿ ಅಂತ್ಯಸಂಸ್ಕಾರದ ಬಲಿಪೂಜೆಗೆ ಅವಕಾಶವಿಲ್ಲ. ಆಗ ಪ್ರಾರ್ಥನೆಯೊಂದಿಗೆ ಮಣ್ಣು ಮಾಡಿ, ಬಲಿಪೂಜೆಯನ್ನು ಬೇರೆ ದಿನ ಅರ್ಪಿಸುತ್ತಾರೆ.

ಕುಟುಂಬದವರು ನಿಜವಾಗಿ ಮನಸ್ಸಿಡಬೇಕಾದದ್ದು ವಾಚನಗಳ ಆಯ್ಕೆಗೆ. ‘ನೀತಿವಂತರ ಆತ್ಮಗಳು ದೇವರ ಕೈಯಲ್ಲಿವೆ’ ಎನ್ನುವ, ಕಥೋಲಿಕ ಬೈಬಲಿನ ಜ್ಞಾನಗ್ರಂಥದ 3ನೇ ಅಧ್ಯಾಯವನ್ನು ಅನೇಕರು ಆರಿಸುತ್ತಾರೆ. ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಬಾಸೆಲ್ ಮಿಶನ್ ಎಂಬ ಮಿಶನರಿ ಸಂಸ್ಥೆಯ ಪರಂಪರೆಯ ಪ್ರೊಟೆಸ್ಟೆಂಟ್ ಮನೆತನಗಳು ಬಹಳವಿದ್ದು, ನೀವು ಅವರಿಂದ ಬೈಬಲ್ ಪಡೆಯಬಹುದಾದ್ದರಿಂದ ಇದನ್ನು ಹೇಳಲೇಬೇಕು: ಅವರ ಬೈಬಲಿನಲ್ಲಿ ಆ ಗ್ರಂಥ ಸಾಮಾನ್ಯವಾಗಿ ಇರುವುದಿಲ್ಲ, ಹಾಗಾಗಿ ಚರ್ಚಿನ ಪ್ರತಿಯನ್ನೇ ಬಳಸಿರಿ. ವಾಚನ ಮಾಡಲು ಕಥೋಲಿಕ ಬಂಧುಗಳನ್ನು ಗೊತ್ತುಮಾಡಿರಿ. ನೀವು ಪೆಟ್ಟಿಗೆಗೆ ಹೆಗಲು ಕೊಡಬಹುದು. ಬಲಿಪೂಜೆಯಲ್ಲಿ ಕಥೋಲಿಕರು ಸ್ವೀಕರಿಸುವ ಪವಿತ್ರ ರೊಟ್ಟಿಯಾದ ಪರಮಪ್ರಸಾದದ ವಿತರಣೆಯ ವೇಳೆ ನಿಮ್ಮ ಸ್ಥಳದಲ್ಲೇ ಕುಳಿತರೆ ಯಾರೂ ತಪ್ಪು ತಿಳಿಯುವುದಿಲ್ಲ. ಅತ್ತೆಯವರ ಬಗ್ಗೆ ನಾಲ್ಕು ಮಾತು ಹೇಳುವುದಿದ್ದರೆ, ಪರಮಪ್ರಸಾದದ ನಂತರದ ಪ್ರಾರ್ಥನೆ ಮುಗಿದ ಮೇಲೆ ಅವಕಾಶವಿದೆಯೇ ಎಂದು ಫಾದರ್ ಅವರನ್ನು ಮೊದಲೇ ಕೇಳಿರಿ.

ದಹನಕ್ಕೆ ಕಥೋಲಿಕ ಧರ್ಮಸಭೆ 1963ರಲ್ಲೇ ಅನುಮತಿ ನೀಡಿದೆ, ಆದರೂ ಅದು ಇಷ್ಟಪಡುವುದು ಭೂಸಮಾಧಿಯನ್ನೇ. ದಹನ ಮಾಡಿದರೆ, 2016ರಲ್ಲಿ ವ್ಯಾಟಿಕನ್ ನೀಡಿದ ಸೂಚನೆಯಂತೆ ಚಿತಾಭಸ್ಮವನ್ನು ಪವಿತ್ರ ಸ್ಥಳದಲ್ಲಿ ಇಡಬೇಕು. ತುಂಗಭದ್ರೆಯಲ್ಲಿ ಬಿಡುವುದಾಗಲಿ, ಮಕ್ಕಳೊಳಗೆ ಹಂಚಿಕೊಳ್ಳುವುದಾಗಲಿ ಸಲ್ಲದು. ನಿಮ್ಮ ಮಾವನವರ ಸಮಾಧಿ ಇಲ್ಲಿಯೇ ಇದ್ದರೆ, ಅದೇ ಜಾಗದಲ್ಲಿ ಅತ್ತೆಯವರನ್ನೂ ಇಡಲು ಸಾಧ್ಯವೇ ಎಂದು ಚರ್ಚಿನ ಕಚೇರಿಯಲ್ಲಿ ಈ ವಾರವೇ ವಿಚಾರಿಸಿರಿ.