ಮಗಳಿಗೆ ಬೇಕಾಗಿರುವುದು ಭಾಷಣವಲ್ಲ, ವಾಲಿ

ಕುಮಟಾ ಕಡೆಯ ಓದುಗರೊಬ್ಬರು ಬರೆದಿದ್ದಾರೆ: 'ಮಗಳು ಶಿರಸಿಯಲ್ಲಿ ಕಾನೂನು ಓದುತ್ತಿದ್ದಾಳೆ, ಮೂರನೇ ವರ್ಷ. ಮೂಟ್ ಕೋರ್ಟ್ ಸ್ಪರ್ಧೆಗೆ (ಕಟ್ಟುಕತೆಯ ಮೊಕದ್ದಮೆಯಲ್ಲಿ ಕಾನೂನು ವಿದ್ಯಾರ್ಥಿಗಳು ವಾದ ಮಾಡುವ ಸ್ಪರ್ಧೆ) ಬೆಂಗಳೂರಿಗೆ ಹೋಗಬೇಕಂತೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಅಲ್ಲಿಯ ಮಕ್ಕಳ ಇಂಗ್ಲಿಷ್ ಮುಂದೆ ಇವಳು ನಿಲ್ಲುತ್ತಾಳಾ? ಭಾಷಣ ಕಲಿಸುವವರು ಯಾರಾದರೂ ಇದ್ದರೆ ತಿಳಿಸಿ. ನಾನು ತಾಳಮದ್ದಲೆಯಲ್ಲಿ (ವೇಷ ಕಟ್ಟದೆ, ಕೂತಲ್ಲೇ ಪಾತ್ರಗಳ ಮಾತಾಡಿ ನಡೆಸುವ ಯಕ್ಷಗಾನ) ಅರ್ಥ ಹೇಳುವವನು, ಕಾನೂನಿನ ಗಂಧಗಾಳಿ ಇಲ್ಲ.'

ಭಾಷಣ ಕಲಿಸುವವರನ್ನು ಹುಡುಕಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಹೋದ ವರ್ಷ ಇಲ್ಲೇ ಒಂದು ಮೂಟ್ ಕೋರ್ಟ್ ತಾಲೀಮಿಗೆ ನನ್ನನ್ನು ಕರೆದಿದ್ದರು. ಸುಮ್ನೆ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕಟ್ಟುಕತೆಯ ಮೊಕದ್ದಮೆ, ಆದರೆ ವಿಷಯ ನಮ್ಮದೇ, ಅರಣ್ಯ ಅತಿಕ್ರಮಣ. ಹುಡುಗನೊಬ್ಬ ಅರ್ಜಿದಾರರ ಪರ ಎದ್ದು ನಿಂತ. ಏನು ಇಂಗ್ಲಿಷ್, ಏನು ಗತ್ತು! ನಾಲ್ಕು ನಿಮಿಷ ನೀರು ಹರಿದ ಹಾಗೆ ಮಾತಾಡಿದ. ನ್ಯಾಯಾಧೀಶರ ಕುರ್ಚಿಯಲ್ಲಿ ಕೂತಿದ್ದ ಹಿರಿಯ ವಕೀಲರು ಕನ್ನಡಕ ಕೆಳಗಿಳಿಸಿ ಕೇಳಿದರು: 'ಮೂರು ತಲೆಮಾರು ಅಂದಿರಲ್ಲ, ಹಾಗಾದರೆ 1930ರ ದಾಖಲೆ ಎಲ್ಲಿದೆ?' ಹುಡುಗ 'ಐ ವಿಲ್ ಕಮ್ ಟು ದಟ್, ಯುವರ್ ಆನರ್' ಎಂದು ಮುಂದಿನ ಪ್ಯಾರಾಕ್ಕೆ ಹೋದ. ಅವರು ಮತ್ತೆ ಕೇಳಿದರು. ಅವನು ಕಟ್ಟು ತಿರುವಿದ, ಮತ್ತೆ ತಿರುವಿದ, ಹಾಳೆಗಳು ಜಾರಿ ನೆಲಕ್ಕೆ ಬಿದ್ದವು, ಫ್ಯಾನಿನ ಗಾಳಿಗೆ ಎರಡು ನನ್ನ ಕಾಲಬುಡಕ್ಕೇ ಬಂದವು. ಅಲ್ಲಿಗೆ ಗತ್ತು ಮುಗಿಯಿತು.

ಉತ್ತರ ಇರಲಿಲ್ಲ ಅಂತೇನಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಒಂದು ತಲೆಮಾರು ಅಂದರೆ 25 ವರ್ಷ. ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕಿಂತ ಹಿಂದೆ ಮೂರು ತಲೆಮಾರು ಅಲ್ಲಿ ವಾಸವಿದ್ದು, ಕಾಡನ್ನು ನಂಬಿ ಬದುಕಿರಬೇಕು. ಈ 75 ವರ್ಷದ ಮಾತು ವಾಸಕ್ಕೆ ಹೇಳಿದ್ದು. ಭೂಮಿ ಸ್ವಾಧೀನದಲ್ಲಿ ಇರಬೇಕಾದದ್ದು ಆ ತಾರೀಖಿಗಿಂತ ಮೊದಲಿನಿಂದ. ಎರಡೂ ಬೇರೆ ಬೇರೆ. ಇನ್ನು ಸಾಕ್ಷ್ಯಕ್ಕೆ ಕಾಗದವೇ ಆಗಬೇಕೆಂದಿಲ್ಲ, ಅರ್ಜಿದಾರರಲ್ಲದ ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಒಂದು ಸಾಕ್ಷ್ಯ ಅಂತ 2008ರ ನಿಯಮ 13ರಲ್ಲೇ ಇದೆ. ಇಷ್ಟು ಹೇಳಿದ್ದರೆ ಸಾಕಿತ್ತು, ಹರುಕು ಮುರುಕು ಇಂಗ್ಲಿಷಿನಲ್ಲಾದರೂ. ಆಮೇಲೆ ಕೇಳಿದೆ, 'ಕಾಯ್ದೆ ಪೂರ್ತಿ ಓದಿದ್ದೀಯೇನೋ?' ಹದಿನೈದು ತೀರ್ಪು ಓದಿದ್ದ. ಕಾಯ್ದೆ ಓದಿರಲಿಲ್ಲ!

ಈಗ ನಿಮ್ಮ ವಿಷಯ. ವಾಲಿವಧೆಯಲ್ಲಿ ಬಾಣ ತಿಂದು ಬಿದ್ದ ವಾಲಿ ರಾಮನನ್ನು ಸುಮ್ಮನೆ ಬಿಡುತ್ತಾನಾ? ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ ಹಿಡಿದು ಜಗ್ಗುತ್ತಾನೆ. ರಾಮನ ಅರ್ಥಧಾರಿ ಮನೆಯಲ್ಲಿ ಬಾಯಿಪಾಠ ಮಾಡಿ ಬಂದಿದ್ದರೆ ಆ ರಾತ್ರಿ ಅವನ ಕಥೆ ಮುಗಿಯಿತು. ಮೂಟ್ ಕೋರ್ಟೂ ಅಷ್ಟೇ. ಆದರೆ ಒಂದು ವ್ಯತ್ಯಾಸ ಇದೆ, ನಿಮ್ಮಂಥವರು ಅದನ್ನು ಮರೆಯಬಾರದು: ತಾಳಮದ್ದಲೆಯಲ್ಲಿ ಪ್ರಶ್ನೆಯನ್ನು ಸುತ್ತಿ ಬಳಸಿ ಅರ್ಧ ಗಂಟೆ ಎಳೆದರೆ ಚಪ್ಪಾಳೆ ಬೀಳುತ್ತದೆ. ಇಲ್ಲಿ ಮೊದಲ ಶಬ್ದ 'ಹೌದು' ಅಥವಾ 'ಇಲ್ಲ' ಆಗಬೇಕು, ಕಾರಣ ಆಮೇಲೆ.

ಹಾಗಾಗಿ ರಾತ್ರಿ ಊಟ ಆದಮೇಲೆ ನೀವೇ ವಾಲಿಯಾಗಿ. ಮೊಕದ್ದಮೆಯ ಕಥೆಯನ್ನು ಅವಳು ನಿಮಗೆ ಕನ್ನಡದಲ್ಲಿ ಹೇಳಲಿ, ನಿಮಗೆ ಅರ್ಥವಾಗದ ಕಡೆಯಲ್ಲೆಲ್ಲ ತಡೆಯಿರಿ. ಕಾನೂನು ಗೊತ್ತಿಲ್ಲದಿರುವುದೇ ಒಳ್ಳೆಯದಾಯ್ತು. ಕನ್ನಡದಲ್ಲಿ ಬಿಡಿಸಿ ಹೇಳಲಾಗದ ವಾದ ಇಂಗ್ಲಿಷಿನಲ್ಲೂ ನಿಲ್ಲುವುದಿಲ್ಲ, ಅಲ್ಲಿ ದೊಡ್ಡ ಶಬ್ದಗಳ ಹಿಂದೆ ಅಡಗಿರುತ್ತದೆ ಅಷ್ಟೇ. ಮರುದಿನ ಪಕ್ಷ ಬದಲಿಸಿ. ಯಾವ ಪರ ನಿಲ್ಲಬೇಕೆಂದು ಕೊನೆಗೇ ತಿಳಿಯುವುದರಿಂದ ಎರಡೂ ಕಡೆಗೆ ಮೆಮೋರಿಯಲ್, ಅಂದರೆ ಲಿಖಿತ ವಾದ, ಬರೆಯಬೇಕಲ್ಲ.

ಮೆಮೋರಿಯಲ್ ಎಂದಾಗ ನೆನಪಾಯಿತು. ಸೀನಿಯರುಗಳ ಹಳೆಯ ಮೆಮೋರಿಯಲ್ ಪೆನ್‌ಡ್ರೈವಿನಲ್ಲಿ ಓಡಾಡುತ್ತಿರುತ್ತವೆ. ಮುಟ್ಟಲೇಬೇಡ ಎನ್ನಿ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕೊಲೆಯ ಕಲಂ 302 ಈಗ 103. ಹಳೆಯ ಹಾಳೆ ನಕಲು ಹೊಡೆದವರು ಇಲ್ಲೇ ಸಿಕ್ಕಿಬೀಳುತ್ತಾರೆ. ತೀರ್ಪುಗಳೂ ಹಾಗೆಯೇ, ಬದುಕಿದೆಯೋ ಸತ್ತಿದೆಯೋ ನೋಡಿಯೇ ಎತ್ತಬೇಕು. ತುರ್ತು ಪರಿಸ್ಥಿತಿ ಕಾಲದ ಎಡಿಎಂ ಜಬಲ್ಪುರ ತೀರ್ಪನ್ನು 2017ರಲ್ಲಿ ಖಾಸಗಿತನದ ಹಕ್ಕಿನ ಪುಟ್ಟಸ್ವಾಮಿ ಪ್ರಕರಣದ ಒಂಬತ್ತು ನ್ಯಾಯಮೂರ್ತಿಗಳ ಪೀಠ ತಳ್ಳಿಹಾಕಿದೆ.

ಕಾಲೇಜಿನಲ್ಲಿ ತೀರ್ಪು ಹುಡುಕುವ ದುಬಾರಿ ಡೇಟಾಬೇಸ್ ಇಲ್ಲ ಎಂಬ ಕೊರಗು ಬೇಡ. ಸುಪ್ರೀಂ ಕೋರ್ಟಿನ ತೀರ್ಪುಗಳ ಇ-ಎಸ್‌ಸಿಆರ್ ಪುಕ್ಕಟೆ, ಇಂಡಿಯನ್ ಕಾನೂನ್ ಜಾಲತಾಣ ಪುಕ್ಕಟೆ. ನಮ್ಮ ಜಿಲ್ಲೆಯ ಮೇಲ್ಮನವಿಗಳು ಹೋಗುವ ಹೈಕೋರ್ಟಿನ ಧಾರವಾಡ ಪೀಠದಲ್ಲಿ ಒಂದು ದಿನ ಕೂತು ಬರಲಿ. ನಿಜವಾದ ವಕೀಲರು ಎಷ್ಟು ಕಮ್ಮಿ ಮಾತಾಡುತ್ತಾರೆ ಅಂತ ಕಾಣುತ್ತದೆ.

'ಮೈ ಲಾರ್ಡ್' ಅನ್ನಬೇಕಾ ಅಂತ ಹೆದರುವವರಿದ್ದಾರೆ. ಸ್ಪರ್ಧೆಯ ನಿಯಮದಲ್ಲಿ ಬೇರೆ ಹೇಳದಿದ್ದರೆ 'ಯುವರ್ ಆನರ್' ಸಾಕು, ಬಾರ್ ಕೌನ್ಸಿಲ್ 2006ರಲ್ಲೇ ಹೇಳಿದೆ.

ಇನ್ನೊಂದು, ಸಣ್ಣದು. ಕಾಗದದ ಕಟ್ಟಿಗೆ ಬಣ್ಣದ ಚೀಟಿ ಅಂಟಿಸಿ, ಮೇಲೆ ಪುಟಸಂಖ್ಯೆ ಬರೆಯಲಿ. ಹಾಳೆಗಳನ್ನು ದಾರ ಹಾಕಿ ಹೊಲಿಸಿ.

ಹೊರಡುವ ಮೊದಲು ಇನ್ನೊಬ್ಬ ನ್ಯಾಯಾಧೀಶ ಬೇಕಾದರೆ ಒಂದು ಫೋನ್ ಮಾಡಿ, ಭಾನುವಾರ ಬರುತ್ತೇನೆ. ಕವಳ ಉಗಿದೇ ಕುರ್ಚಿಯಲ್ಲಿ ಕೂರುತ್ತೇನೆ.

— ಸಂ.