ಓದುಗರ ಪ್ರಶ್ನೆ: ನಂಬರ್ ಒತ್ತಿದ ಮೇಲೆ ಏನು ಮಾಡಬೇಕು?

ಹಾಸನದಲ್ಲಿ ಶನಿವಾರದ ಚರ್ಚ್ ಸೇವಾ ತರಬೇತಿಗೆ ಬರುವ ಹುಡುಗ ಹುಡುಗಿಯರಿಗೆ ಪಾಠ ಹೇಳುವವಳು ನಾನು. ಅದಕ್ಕೂ ಮೊದಲು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಮೂರು ಪತ್ರ ಮೊಬೈಲಿನಲ್ಲಿ ಬೈಬಲ್ ಅಧ್ಯಯನ ಮಾಡುವುದರ ಬಗ್ಗೆ ಇವೆ. ಅವಕ್ಕೇ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಅಕ್ಕಾ, ಕರ್ತನಲ್ಲಿ ವಂದನೆ. ನಾನು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಸಂಜೆ ಕಾರ್ಮಿಕರ ಲೈನ್ ಮನೆಗಳಲ್ಲಿ ಪ್ರಾರ್ಥನಾ ಕೂಟ ನಡೆಸುತ್ತೇನೆ. ಈಗ ತರಬೇತಿಗೂ ಸೇರಿದ್ದೇನೆ. ಯೋಹಾನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ಯೇಸು ತನ್ನ ಶಿಷ್ಯ ಪೇತ್ರನಿಗೆ 'ನನ್ನನ್ನು ಪ್ರೀತಿಸುತ್ತೀಯಾ' ಎಂದು ಮೂರು ಸಲ ಕೇಳುತ್ತಾನಲ್ಲ, ಅಲ್ಲಿ ಮೂಲ ಗ್ರೀಕಿನಲ್ಲಿ ಎರಡು ಬೇರೆ ಪದ ಇವೆ ಎಂದು ಆ್ಯಪ್ ತೋರಿಸಿತು. ಅಗಪಾವೊ ಎಂದರೆ ದೇವರ ಪ್ರೀತಿ, ಫಿಲೆಯೊ ಎಂದರೆ ಬರೀ ಸ್ನೇಹ ಎಂದು ಪ್ರಸಂಗ ಮಾಡಿದೆ. ಎಲ್ಲರಿಗೂ ಹಿಡಿಸಿತು. ಆದರೆ ನಮ್ಮ ಸಭೆಯ ಪಾಸ್ಟರ್ ಅಯ್ಯನವರು 'ಅದು ಅಷ್ಟು ಸುಲಭ ಅಲ್ಲಪ್ಪ' ಅಂದರು. ತಪ್ಪು ಆ್ಯಪ್‌ನದಾ, ನನ್ನದಾ?
(ಹೆಸರು ಬೇಡ, ಮೂಡಿಗೆರೆ)

ಉತ್ತರ: ತಮ್ಮಾ, ಆ್ಯಪ್ ಸುಳ್ಳು ಹೇಳಿಲ್ಲ. ಅಲ್ಲಿ ಎರಡು ಪದ ಇರುವುದು ನಿಜ. ಯೇಸು ಮೊದಲ ಎರಡು ಸಲ ಅಗಪಾವೊ ಎಂದು ಕೇಳುತ್ತಾನೆ, ಮೂರನೆಯ ಸಲ ಫಿಲೆಯೊ. ಪೇತ್ರ ಮೂರು ಸಲವೂ ಫಿಲೆಯೊ ಎಂದೇ ಉತ್ತರ ಕೊಡುತ್ತಾನೆ. ನೀನು ಎಡವಿದ್ದು ಆಮೇಲೆ. ಆ್ಯಪ್‌ನಲ್ಲಿ ಪದದ ಜೊತೆ ಇರುವ ನಂಬರ್ ಒತ್ತಿದೆ, ಅರ್ಥ ಓದಿದೆ, ಅಲ್ಲಿಗೇ ನಿಲ್ಲಿಸಿದೆ.

ಆ ನಂಬರ್ ಎಲ್ಲಿಂದ ಬಂತು ಎಂದು ಮೊದಲು ತಿಳಿದುಕೋ. 1890ರಲ್ಲಿ ಜೇಮ್ಸ್ ಸ್ಟ್ರಾಂಗ್ ಎಂಬವರು ಇಂಗ್ಲಿಷಿನ ಕಿಂಗ್ ಜೇಮ್ಸ್ ಬೈಬಲ್‌ಗೆ ಒಂದು ದೊಡ್ಡ ಪದಸೂಚಿ ಹೊರತಂದರು. ಬೈಬಲ್‌ನ ಮೂಲ ಭಾಷೆಗಳಾದ ಹೀಬ್ರೂ ಪದಗಳಿಗೆ 8674ರವರೆಗೆ, ಗ್ರೀಕ್ ಪದಗಳಿಗೆ 5624ರವರೆಗೆ ನಂಬರ್ ಕೊಟ್ಟರು. ಅಗಪಾವೊ ಗ್ರೀಕಿನ 25, ಫಿಲೆಯೊ 5368. ನಂಬರಿನ ಜೊತೆಗೆ ಬರುವ ಅರ್ಥ ಎರಡು ಮೂರು ಸಾಲಿನದು. ಪದ ಯಾವುದು ಎಂದು ಗುರುತು ಹಿಡಿಯಲು ಅಷ್ಟು ಸಾಕು. ಪ್ರಸಂಗ ಕಟ್ಟಲು ಸಾಲದು.

ಈಗ ಮೊಬೈಲ್ ತೆಗೆ. 25ನ್ನು ಒತ್ತಿ, ಆ ಪದ ಎಲ್ಲೆಲ್ಲಿ ಬಂದಿದೆ ಎಂದು ಹುಡುಕು. ಉದ್ದ ಪಟ್ಟಿ ಬರುತ್ತದೆ. ಯೋಹಾನ 3:16 ಅದರಲ್ಲಿದೆ, ದೇವರು ಲೋಕವನ್ನು ಪ್ರೀತಿಸಿದ ಮಾತು. ಖುಷಿಯಾಗುತ್ತದೆ, ಅಲ್ವಾ? ಅಲ್ಲಿಂದ ಮೂರೇ ವಾಕ್ಯ ಕೆಳಗೆ ಬಾ, 3:19. ಜನ ಬೆಳಕಿಗಿಂತ ಕತ್ತಲೆಯನ್ನು ಪ್ರೀತಿಸಿದರು ಎಂದಿದೆ. ಅಲ್ಲಿಯೂ ಅದೇ 25. ಲೂಕ 11:43ರಲ್ಲಿ ಫರಿಸಾಯರಿಗೆ ಸಭಾಮಂದಿರದ ಮುಂದಿನ ಆಸನದ ಮೇಲೆ ಇದ್ದ ಆಸೆಗೂ ಇದೇ ಪದ. 2 ತಿಮೊಥೆಯ 4:10ರಲ್ಲಿ ಜೊತೆಗಾರ ದೇಮನು ಈ ಲೋಕವನ್ನು ಪ್ರೀತಿಸಿ ಪೌಲನನ್ನು ಬಿಟ್ಟು ಹೋದದ್ದಕ್ಕೂ ಇದೇ. ಇನ್ನು 5368ನ್ನು ಒತ್ತು. ಯೋಹಾನ 5:20 ಬರುತ್ತದೆ. ತಂದೆ ಮಗನನ್ನು ಪ್ರೀತಿಸುತ್ತಾನೆ ಎಂಬ ಮಾತು. ಅದನ್ನು 'ಬರೀ ಸ್ನೇಹ' ಎನ್ನುವುದಕ್ಕೆ ನಮಗೆ ಬಾಯಿ ಬರುತ್ತದಾ?

ನಾನೂ ಎಷ್ಟೋ ವರ್ಷ ಸ್ತ್ರೀ ಸಂಘದಲ್ಲಿ ನಿನ್ನ ಪ್ರಸಂಗವನ್ನೇ ಮಾಡಿದ್ದೇನೆ. ಒಂದು ಶನಿವಾರ ತರಗತಿಯಲ್ಲಿ ಹುಡುಗಿಯೊಬ್ಬಳು ಪಟ್ಟಿಯನ್ನು ಬೆರಳಿನಿಂದ ಸರಿಸುತ್ತಾ ಹೋದಳು. 3:19ಕ್ಕೆ ಬಂದು ನಿಂತು, 'ಟೀಚರ್, ಕತ್ತಲೆಗೂ ಅಗಪಾವೊ ಅಂತ ಇದೆಯಲ್ಲಾ' ಅಂದಳು. ನನಗೆ ಮಾತು ಹೊರಡಲಿಲ್ಲ. ಮುಂದಿನ ಕೂಟದಲ್ಲಿ ಸಂಘದವರ ಎದುರಿಗೇ ನನ್ನ ಮಾತನ್ನು ತಿದ್ದಿಕೊಂಡೆ. ಅಂದಿನಿಂದ ತರಗತಿಯಲ್ಲಿ ಒಂದು ನಿಯಮ ಇಟ್ಟಿದ್ದೇನೆ. ಪದ ಬಂದಿರುವ ಎಲ್ಲ ಕಡೆ ಓದಿ ಮುಗಿಸದೆ ಅದರ ಬಗ್ಗೆ ಪ್ರಸಂಗ ಮಾಡಬಾರದು. ನೂರು ಕಡೆ ಇದ್ದರೆ, ಕಡೇ ಪಕ್ಷ ಅದೇ ಲೇಖಕ ಬಳಸಿದ ಎಲ್ಲ ಕಡೆ ಓದಬೇಕು.

ಯೋಹಾನ 21ರ ಎರಡು ಪದಗಳ ಹಿಂದೆ ಉದ್ದೇಶ ಇದೆ ಎನ್ನುವ ಪಂಡಿತರೂ ಇದ್ದಾರೆ. ಯೋಹಾನ ಮಾತನ್ನು ಬದಲಿಸಿ ಹೇಳುತ್ತಾನೆ ಅಷ್ಟೆ ಎನ್ನುವವರೂ ಇದ್ದಾರೆ. ಅದೇ ವಾಕ್ಯಗಳಲ್ಲಿ ಕುರಿಮರಿ ಒಮ್ಮೆ, ಕುರಿ ಇನ್ನೊಮ್ಮೆ, 'ಮೇಯಿಸು' ಒಮ್ಮೆ, 'ಕಾಯು' ಇನ್ನೊಮ್ಮೆ ಬರುತ್ತದೆ. ನನಗೆ ಎರಡನೆಯವರ ಮಾತೇ ಸರಿ ಅನಿಸುತ್ತದೆ. ನಿನ್ನ ಅಯ್ಯನವರ ಹತ್ತಿರ ಕೂತು ಮಾತಾಡು.

ಹಾಗಾದರೆ ಕೂಟದಲ್ಲಿ ಏನು ಹೇಳಲಿ ಎನ್ನುತ್ತೀಯಾ? ಇನ್ನೊಂದು ನಂಬರ್ ಕೊಡುತ್ತೇನೆ, 439. ಅಂತ್ರಕಿಯ, ಅಂದರೆ ಇದ್ದಲಿನ ಕೆಂಡ. ಇದನ್ನು ಹುಡುಕು. ಇಡೀ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಸಿಗುತ್ತದೆ. ಮೊದಲನೆಯದು ಯೋಹಾನ 18:18. ಯೇಸುವನ್ನು ಬಂಧಿಸಿದ ರಾತ್ರಿ, ಚಳಿ ಅಂತ ಆಳುಗಳು ಕೆಂಡ ಮಾಡಿಕೊಂಡು ಕಾಯಿಸಿಕೊಳ್ಳುತ್ತಿದ್ದಾರೆ, ಪೇತ್ರನೂ ಅಲ್ಲೇ ನಿಂತಿದ್ದಾನೆ, ಯೇಸುವಿನ ಶಿಷ್ಯ ನಾನಲ್ಲ ಅನ್ನುತ್ತಿದ್ದಾನೆ. ಎರಡನೆಯದು 21:9. ಬೆಳಗಿನ ಹೊತ್ತು, ಕೆರೆಯ ದಡ, ಯೇಸು ಕೆಂಡದ ಮೇಲೆ ಮೀನು ಇಟ್ಟು ಕಾಯುತ್ತಿದ್ದಾನೆ. ಕೈಬಿಟ್ಟದ್ದು ಕೆಂಡದ ಪಕ್ಕದಲ್ಲಿ, ಮತ್ತೆ ಕರೆದದ್ದೂ ಕೆಂಡದ ಪಕ್ಕದಲ್ಲಿ. ಮೂರು ಸಲ ಇಲ್ಲ ಅಂದವನಿಗೆ ಮೂರು ಸಲ ಪ್ರಶ್ನೆ. ಡಿಸೆಂಬರಿನಲ್ಲಿ ಕಾಫಿ ಕೊಯ್ಲಿಗೆ ಹೊರಡುವ ಮುಂಚೆ ಬೆಂಕಿ ಕಾಯಿಸಿಕೊಳ್ಳುವ ನಿನ್ನ ಜನಕ್ಕೆ ಇದನ್ನು ಗ್ರೀಕ್ ಪದ ಹೇಳದೆಯೇ ಹೇಳಬಹುದು. ಆ ಹೊಗೆಯ ವಾಸನೆ ಪೇತ್ರನಿಗೆ ಏನನ್ನು ನೆನಪಿಸಿರಬೇಕು ಎಂದು ಕೇಳು, ಸಾಕು.

ಎಸ್ಟೇಟಿನಲ್ಲಿ ಸಿಗ್ನಲ್ ಸಿಗದ ಕಷ್ಟ ನನಗೆ ಗೊತ್ತು. ಪೇಟೆಗೆ ಬಂದಾಗ ಆಂಡ್ರಾಯ್ಡ್ ಫೋನಿಗೆ ಆಂಡ್ ಬೈಬಲ್ ಎಂಬ ಆ್ಯಪ್ ಹಾಕಿಕೋ. ಉಚಿತ, ಜಾಹೀರಾತೂ ಇಲ್ಲ. ಸ್ಟ್ರಾಂಗ್ ನಂಬರ್ ಇರುವ ಕಿಂಗ್ ಜೇಮ್ಸ್ ಅನುವಾದವನ್ನೂ ನಿಘಂಟನ್ನೂ ಒಮ್ಮೆ ಇಳಿಸಿಕೊಂಡರೆ ಮಳೆಗಾಲದಲ್ಲೂ ನೆಟ್ ಬೇಕಿಲ್ಲ. ಲ್ಯಾಪ್‌ಟಾಪ್ ಇದ್ದರೆ ಕೇಂಬ್ರಿಜ್‌ನ ಬೈಬಲ್ ಸಂಶೋಧನಾ ಕೇಂದ್ರ ಟಿಂಡೇಲ್ ಹೌಸ್‌ನಲ್ಲಿ ಶುರುವಾದ ಸ್ಟೆಪ್ ಬೈಬಲ್ ಕೂಡ ಉಚಿತ. ದುಡ್ಡು ಕೊಟ್ಟು ಲೋಗೋಸ್ ಎಂಬ ಬೈಬಲ್ ಸಾಫ್ಟ್‌ವೇರ್ ಕೊಳ್ಳುವ ಅವಸರ ಈಗ ಬೇಡ.

ಪ್ರಶ್ನೆ: ಮೇಡಂ, ಯೂವರ್ಷನ್ ಆ್ಯಪ್‌ನಲ್ಲಿ ಕನ್ನಡ ಬೈಬಲ್ ಓದುತ್ತೇನೆ. ಸಂಡೇ ಸ್ಕೂಲ್ ಪಾಠಕ್ಕೆ ಕನ್ನಡ ಪದ ಹಾಕಿ ಹುಡುಕಿದರೆ ನನಗೆ ಗೊತ್ತಿರುವ ವಾಕ್ಯಗಳೇ ಬರುವುದಿಲ್ಲ. ಯಾಕೆ?
(ಓದುಗರು, ಅರಸೀಕೆರೆ)

ಉತ್ತರ: ಇದು ಕನ್ನಡ ಟೀಚರಿಗೆ ಇಷ್ಟವಾದ ಪ್ರಶ್ನೆ! ಇದರಲ್ಲಿ ವಿಭಕ್ತಿಯ ಕೆಲಸ ಇದೆ. ನೀವು 'ನೀರು' ಎಂದು ಟೈಪ್ ಮಾಡುತ್ತೀರಿ. ವಾಕ್ಯದಲ್ಲಿ 'ನೀರಿನ', 'ನೀರಲ್ಲಿ' ಎಂದಿರುತ್ತದೆ. ಮೊಬೈಲಿಗೆ ಇವು ಬೇರೆ ಬೇರೆ ಅಕ್ಷರಗಳು. ಕೊನೆಯ ಉಕಾರ ಬಿಟ್ಟು 'ನೀರ' ಎಂದು ಹಾಕಿ ನೋಡಿ. ಪದದ ಒಂದು ತುಂಡನ್ನೂ ಹುಡುಕುವ ಆ್ಯಪ್ ಆದರೆ ಎಲ್ಲ ರೂಪಗಳೂ ಸಿಗುತ್ತವೆ. ಪೂರ್ತಿ ಪದವನ್ನೇ ಹುಡುಕುವ ಆ್ಯಪ್ ಆದರೆ ಒಂದೊಂದು ರೂಪವನ್ನೂ ಬೇರೆ ಬೇರೆಯಾಗಿ ಹಾಕಬೇಕು. ಬೇಸರದ ಕೆಲಸವೇ, ಆದರೂ ಮಾಡಿ.

ಹೆಸರುಗಳ ಕಾಗುಣಿತವೂ ನೋಡಿ. ನಮ್ಮಲ್ಲಿ ಯೆರೂಸಲೇಮ್, ಕಥೋಲಿಕರ ಬೈಬಲ್‌ನಲ್ಲಿ ಜೆರುಸಲೇಮ್. ಹಳೆಯ ಕನ್ನಡ ಪದದ ಅರ್ಥ ಗೊತ್ತಾಗದಿದ್ದರೆ ಇಂಗ್ಲಿಷ್ ಅನುವಾದಕ್ಕೆ ಓಡಬೇಡಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ನಿಘಂಟು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ಕಿಟ್ಟೆಲ್ ಅವರೂ ಮಿಷನರಿಯೇ ಆಗಿದ್ದರು.

ಇನ್ನೊಂದು ಮಾತು. ಹೀಬ್ರೂ ಪಠ್ಯಕ್ಕೆ ಹೋದಾಗ ವಾಕ್ಯದ ನಂಬರ್ ಹೊಂದದಿದ್ದರೆ ಗಾಬರಿಯಾಗಬೇಡಿ. ಕೀರ್ತನೆ 51ರಲ್ಲಿ ಶೀರ್ಷಿಕೆಯನ್ನೇ ಅವರು ಎರಡು ವಾಕ್ಯ ಎಂದು ಎಣಿಸುತ್ತಾರೆ. ನಮ್ಮ ಒಂದನೆಯ ವಾಕ್ಯ ಅಲ್ಲಿ ಮೂರನೆಯದು.

ಪ್ರಶ್ನೆ: ನನಗೆ 64 ವರ್ಷ. ಉಪದೇಶಿಯಾಗಿ ಕೆಲಸ ಮಾಡಿದವನು. ಹಳೆಯ ಪ್ರಸಂಗಗಳನ್ನು ಮಗ ಕಂಪ್ಯೂಟರಿನಲ್ಲಿ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದ. ಹೊಸ ಹುಡುಗರಿಗೆ ವಾಟ್ಸಾಪಿನಲ್ಲಿ ಕಳಿಸೋಣ ಅಂದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಬರುತ್ತದೆ. ಎಲ್ಲ ಹಾಳಾಯಿತಾ?
(ಓದುಗರು, ಸಕಲೇಶಪುರ)

ಉತ್ತರ: ಅಣ್ಣಾ, ಏನೂ ಹಾಳಾಗಿಲ್ಲ. ಹಳೆಯ ನುಡಿ ಫಾಂಟು ಯುನಿಕೋಡ್ ಅಲ್ಲ, ಅಂದರೆ ಎಲ್ಲ ಫೋನಿಗೂ ತಿಳಿಯುವ ಅಕ್ಷರ ಸಂಕೇತ ಅಲ್ಲ. ಅದಕ್ಕೇ ಫೋನಿಗೆ ಅದು ಕನ್ನಡ ಎಂದು ತಿಳಿಯುವುದಿಲ್ಲ. ನುಡಿಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಇಂಟರ್ನೆಟ್ಟಿನಲ್ಲಿ ಉಚಿತವಾಗಿವೆ. ಮೊದಲು ಒಂದೇ ಪ್ರಸಂಗ ಹಾಕಿ ನೋಡಿ. ಬದಲಾದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ಓದಿ. 'ಕರ್ತನು', 'ಸುವಾರ್ತೆ', 'ಪ್ರಾರ್ಥನೆ' ಇಂಥವುಗಳಲ್ಲೇ ತಪ್ಪು ನುಸುಳುವುದು. ವಾಕ್ಯದ ನಂಬರ್‌ಗಳನ್ನೂ ಪುಸ್ತಕದ ಬೈಬಲ್ ಪಕ್ಕದಲ್ಲಿಟ್ಟುಕೊಂಡು ಒಮ್ಮೆ ತಾಳೆ ನೋಡಿ. ಮೂಲ ಫೈಲನ್ನು ಅಳಿಸಬೇಡಿ, ಒಂದು ಪೆನ್‌ಡ್ರೈವ್‌ಗೂ ಹಾಕಿಡಿ. ಮಗ ಊರಲ್ಲಿ ಇಲ್ಲದಿದ್ದರೆ ಶನಿವಾರ ಆ ಪೆನ್‌ಡ್ರೈವ್ ಹಿಡಿದು ಹಾಸನಕ್ಕೆ ಬನ್ನಿ. ನಮ್ಮ ಹುಡುಗರು ನಿಮ್ಮ ಪಕ್ಕದಲ್ಲೇ ಕೂತು ಬದಲಿಸಿಕೊಡುತ್ತಾರೆ, ಹಾಗೇ ನಿಮ್ಮ ಪ್ರಸಂಗಗಳನ್ನೂ ಓದುತ್ತಾರೆ.