ಮುಕ್ತ ಮಾರುಕಟ್ಟೆಯ ಪರ ಇರುವವರು ಸ್ತ್ರೀವಾದಿಗಳಾಗಬಹುದೇ? ಹಾಗಾದರೆ ಕುಟುಂಬದ ಗತಿ ಏನು?

ಆಗಬಹುದು. ನನ್ನ ಮಟ್ಟಿಗೆ, ಆಗದೇ ಇರುವುದೇ ಕಷ್ಟ. ನೀವು ಕೇಳಿದ ಎರಡನೇ ಮಾತು, ಅಂದರೆ ‘ಎಲ್ಲವನ್ನೂ ಒಪ್ಪಂದ, ಆಯ್ಕೆ ಅಂತ ನೋಡುತ್ತಾ ಹೋದರೆ ಸಂಸಾರ ಉಳಿಯುತ್ತದಾ’ ಎಂಬುದು, ಇನ್ನೂ ಗಂಭೀರವಾದದ್ದು. ಅದಕ್ಕೆ ಬರುವ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗೋಣ.

ಮುಕ್ತ ಮಾರುಕಟ್ಟೆಯ ವಾದದ ಹಿಂದಿರುವ ಲಿಬರ್ಟೇರಿಯನ್, ಅಂದರೆ ಸ್ವಾತಂತ್ರ್ಯವಾದಿ, ವಿಚಾರದ ಬೇರು ಇಷ್ಟೇ: ನಿಮ್ಮ ದೇಹ ನಿಮ್ಮದು, ನಿಮ್ಮ ದುಡಿಮೆ ನಿಮ್ಮದು, ಒಪ್ಪಿಗೆಯಿಲ್ಲದೆ ಯಾರೂ ಅವಕ್ಕೆ ಕೈ ಹಾಕುವಂತಿಲ್ಲ. ಇದನ್ನು 19ನೇ ಶತಮಾನದ ಇಂಗ್ಲೆಂಡಿನ ಮದುವೆ ಕಾನೂನಿನ ಪಕ್ಕದಲ್ಲಿಟ್ಟು ನೋಡಿ. ಮದುವೆಯಾದ ಹೆಣ್ಣಿಗೆ ಕಾನೂನಿನ ಕಣ್ಣಲ್ಲಿ ಪ್ರತ್ಯೇಕ ಅಸ್ತಿತ್ವವೇ ಇರಲಿಲ್ಲ. ಕ್ಯಾರೊಲಿನ್ ನಾರ್ಟನ್ ಎಂಬ ಲೇಖಕಿ 1836ರಲ್ಲಿ ಗಂಡನಿಂದ ಬೇರೆಯಾದಾಗ ಮೂವರು ಗಂಡುಮಕ್ಕಳು ಅವನ ವಶವಾದರು. ಆಕೆ ಬರೆದು ದುಡಿದ ಹಣವೂ ಕಾನೂನಿನ ಲೆಕ್ಕದಲ್ಲಿ ಅವನದೇ. ಸಾಲದ್ದಕ್ಕೆ, ಹೆಂಡತಿಯ ಜೊತೆ ಸಂಬಂಧ ಬೆಳೆಸಿ ತನಗೆ ನಷ್ಟ ಮಾಡಿದ್ದಾರೆಂದು ಆಗಿನ ಪ್ರಧಾನಿ ಲಾರ್ಡ್ ಮೆಲ್ಬರ್ನ್ ಮೇಲೆ ಗಂಡ ಪರಿಹಾರದ ದಾವೆ ಹೂಡಿದ. ಜ್ಯೂರಿ ದಾವೆಯನ್ನು ತಳ್ಳಿಹಾಕಿತು. ಆದರೆ ಗಮನಿಸಿ: ಆಕೆಯ ಮಾನವನ್ನೇ ಹರಾಜಿಗಿಟ್ಟ ಆ ವಿಚಾರಣೆಯಲ್ಲಿ ಆಕೆ ಕಕ್ಷಿದಾರಳಾಗಿರಲಿಲ್ಲ, ಸಾಕ್ಷಿ ಹೇಳುವಂತೆಯೂ ಇರಲಿಲ್ಲ. ಆಕೆಯ ಹೋರಾಟದ ಫಲವಾಗಿ 1839ರಲ್ಲಿ ಬಂದ ಕಾನೂನು, ಏಳು ವರ್ಷದೊಳಗಿನ ಮಕ್ಕಳಿಗಾಗಿ ತಾಯಿ ಕೋರ್ಟಿಗೆ ಹೋಗಲು ಅವಕಾಶ ಕೊಟ್ಟಿತು. ಮದುವೆಯಾದ ಹೆಣ್ಣಿನ ಸಂಬಳ ಅವಳದ್ದೇ ಆಗಲು 1870 ಬರಬೇಕಾಯಿತು, ಆಸ್ತಿ ಪೂರ್ತಿ ಅವಳದಾಗಲು 1882.

1851ರಲ್ಲಿ ಹ್ಯಾರಿಯೆಟ್ ಟೇಲರ್ ಅವರನ್ನು ಮದುವೆಯಾಗುವ ಮುಂಚೆ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಒಂದು ಹೇಳಿಕೆ ಬರೆದಿಟ್ಟರು. ಕಾನೂನು ತನಗೆ ಕೊಡುವ ಗಂಡನ ಅಧಿಕಾರಗಳನ್ನು ಕಳಚಿಹಾಕಲು ದಾರಿಯಿಲ್ಲ, ಆದ್ದರಿಂದ ಪ್ರತಿಭಟಿಸುತ್ತೇನೆ, ಯಾವತ್ತೂ ಬಳಸುವುದಿಲ್ಲ ಎಂದು ಮಾತು ಕೊಡುತ್ತೇನೆ ಎಂಬುದು ಅದರ ಸಾರ. ಇಬ್ಬರು ವಯಸ್ಕರು ತಮ್ಮಿಬ್ಬರ ನಡುವಿನ ಷರತ್ತನ್ನು ತಾವೇ ಬರೆದುಕೊಳ್ಳಲು ಕಾನೂನು ಬಿಡಲಿಲ್ಲ. ಸ್ವಾತಂತ್ರ್ಯವಾದಿಗಳ ತಕರಾರು ಇರುವುದು ಅಲ್ಲೇ. ಫ್ರಾನ್ಸಿನಲ್ಲಿ ಗಂಡನ ಒಪ್ಪಿಗೆಯಿಲ್ಲದೆ ಹೆಂಡತಿ ಬ್ಯಾಂಕ್ ಖಾತೆ ತೆರೆಯುವುದು, ಕೆಲಸಕ್ಕೆ ಸೇರುವುದು ಸಾಧ್ಯವಾದದ್ದು 1965ರ ಕಾನೂನಿನಿಂದ. ಪಶ್ಚಿಮ ಜರ್ಮನಿಯಲ್ಲಿ 1977ರವರೆಗೂ, ಮನೆಯ ಕರ್ತವ್ಯಕ್ಕೆ ಅಡ್ಡಿಯಾಗದಿದ್ದರೆ ಮಾತ್ರ ಹೆಂಡತಿ ಕೆಲಸಕ್ಕೆ ಹೋಗಬಹುದು ಎಂದೇ ಕಾನೂನಿತ್ತು.

‘ರಕ್ಷಣೆ’ಯ ಹೆಸರಿನ ಕಾನೂನುಗಳದ್ದು ಇನ್ನೊಂದು ಕಥೆ. ಬೇಕರಿ ಕಾರ್ಮಿಕರಿಗೆ ದಿನಕ್ಕೆ 10 ಗಂಟೆಯ ಮಿತಿ ಹಾಕಿದ್ದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1905ರಲ್ಲಿ ಒಪ್ಪಂದದ ಸ್ವಾತಂತ್ರ್ಯದ ಆಧಾರದ ಮೇಲೆ ರದ್ದು ಮಾಡಿತು. 1908ರಲ್ಲಿ ಓರೆಗಾನ್ ರಾಜ್ಯದ ಲಾಂಡ್ರಿ ಹೆಂಗಸರಿಗೆ ಹಾಕಿದ ಅದೇ 10 ಗಂಟೆಯ ಮಿತಿಯನ್ನು ಎತ್ತಿಹಿಡಿಯಿತು. ಹೆಣ್ಣಿನ ಶರೀರ, ತಾಯ್ತನ ಬೇರೆ ಎಂಬುದು ಕಾರಣ. ಮಿಶಿಗನ್ ರಾಜ್ಯದ ಕಾನೂನಂತೂ ಮುಸುಕೇ ಇಲ್ಲದ್ದು: ದೊಡ್ಡ ಊರುಗಳಲ್ಲಿ ಹೆಣ್ಣಿಗೆ ಬಾರ್‌ಟೆಂಡರ್ ಲೈಸೆನ್ಸ್ ಬೇಕಾದರೆ ಅವಳು ಬಾರಿನ ಗಂಡು ಮಾಲೀಕನ ಹೆಂಡತಿಯೋ ಮಗಳೋ ಆಗಿರಬೇಕು. ಮಾಲೀಕಳೇ ಹೆಣ್ಣಾದರೆ? ಅವಳ ಸ್ವಂತ ಮಗಳಿಗೂ ಲೈಸೆನ್ಸ್ ಇಲ್ಲ. ವ್ಯಾಲೆಂಟೈನ್ ಗೋಸರ್ಟ್ ಎಂಬ ಮಾಲೀಕಳೂ ಅವಳ ಮಗಳೂ ಕೋರ್ಟಿಗೆ ಹೋದರು. 1948ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 6–3ರ ಬಹುಮತದಿಂದ ಸೋತರು. ಬಾರಿನಲ್ಲಿ ಹೆಂಗಸರು ಗಿರಾಕಿಗಳಿಗೆ ಸಪ್ಲೈ ಮಾಡಬಹುದಿತ್ತು, ಹೆಚ್ಚು ದುಡ್ಡು ಸಿಗುವ ಕೌಂಟರಿನ ಹಿಂದೆ ಮಾತ್ರ ನಿಲ್ಲುವಂತಿರಲಿಲ್ಲ. ರಕ್ಷಣೆ ಯಾರಿಗೆ ಸಿಕ್ಕಿತು ಎಂಬುದು ಅಷ್ಟರಲ್ಲೇ ಗೊತ್ತಾಗುತ್ತದೆ.

ಹಾಗಾದರೆ ಸರ್ಕಾರ ಪಕ್ಕಕ್ಕೆ ಸರಿದರೆ ಮಾರುಕಟ್ಟೆ ತಾನಾಗಿಯೇ ತಾರತಮ್ಯ ತೊಳೆದುಬಿಡುತ್ತದಾ? ನಮ್ಮ ಕಡೆಯ ಕೆಲವರು ಹಾಗೆ ಹೇಳುತ್ತಾರೆ, ಅದು ಅವಸರದ ಮಾತು. ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1957ರಲ್ಲಿ ಕೊಟ್ಟ ತರ್ಕ ಹೀಗಿದೆ: ಯೋಗ್ಯ ಕೆಲಸಗಾರಳನ್ನು ಬಿಟ್ಟು ದುಬಾರಿ ಗಂಡಸನ್ನು ಇಟ್ಟುಕೊಳ್ಳುವ ಮಾಲೀಕ ಆ ವ್ಯತ್ಯಾಸವನ್ನು ತನ್ನ ಜೇಬಿನಿಂದಲೇ ಕಟ್ಟುತ್ತಾನೆ, ಪೈಪೋಟಿ ಜೋರಾದಷ್ಟೂ ಆ ಶೋಕಿ ದುಬಾರಿ. ಅಮೆರಿಕದ ಬ್ಯಾಂಕುಗಳ ಮೇಲಿನ ನಿರ್ಬಂಧ ಸಡಿಲಿಸಿ ಪೈಪೋಟಿ ಹೆಚ್ಚಿದಾಗ ಏನಾಯಿತೆಂದು ಸಾಂಡ್ರಾ ಬ್ಲ್ಯಾಕ್ ಮತ್ತು ಫಿಲಿಪ್ ಸ್ಟ್ರಾಹನ್ 2001ರಲ್ಲಿ ತೋರಿಸಿದರು: ಗಂಡಸರ ಸಂಬಳ ಸುಮಾರು ಶೇ 12 ಇಳಿಯಿತು, ಹೆಂಗಸರದು ಶೇ 3 ಮಾತ್ರ. ಪೈಪೋಟಿಯಿಲ್ಲದ ಕಾಲದ ಸುಲಭದ ಲಾಭವನ್ನು ಗಂಡಸರೇ ಹೆಚ್ಚು ಹಂಚಿಕೊಳ್ಳುತ್ತಿದ್ದರು ಎಂದಾಯಿತು. ಆದರೆ ಪೂರ್ವಗ್ರಹ ಇರುವುದು ಗಿರಾಕಿಗೇ ಆದರೆ ಬೆಕರ್ ತರ್ಕ ಅಷ್ಟು ಬೇಗ ಕೆಲಸ ಮಾಡುವುದಿಲ್ಲ, ಏಕೆಂದರೆ ಗಿರಾಕಿಗೆ ದಿವಾಳಿಯ ಭಯವಿಲ್ಲ. ಅಲ್ಲಿ ಬೇಕಾದದ್ದು ವಾದ, ಬಹಿಷ್ಕಾರ, ಸಂಘಟನೆ. ಇವೂ ಸ್ವತಂತ್ರ ಸಮಾಜದ ಸಾಧನಗಳೇ.

ಈಗ ಸಂಸಾರಕ್ಕೆ ಬರೋಣ. ಮನೆಯೊಳಗೆ ಬೆಲೆಪಟ್ಟಿ ಇಲ್ಲ, ಇರಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಮನೆಯೊಳಗೆ ಚೌಕಾಸಿ ಇದ್ದೇ ಇದೆ, ಮಾತಿಲ್ಲದ ಚೌಕಾಸಿ. ಅದರಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು, ನಾಳೆ ಹೊರಗೆ ಹೋಗಬೇಕಾಗಿ ಬಂದರೆ ಯಾರ ಕೈಯಲ್ಲಿ ಏನಿರುತ್ತದೆ ಎಂಬುದರ ಮೇಲೆ ನಿಂತಿದೆ. ಒಂದು ಸಣ್ಣ ಸಾಕ್ಷ್ಯ: ಬ್ರಿಟನ್ನಿನಲ್ಲಿ ಮಕ್ಕಳ ಹೆಸರಿನಲ್ಲಿ ಸಿಗುತ್ತಿದ್ದ ತೆರಿಗೆ ವಿನಾಯಿತಿ ಸಾಮಾನ್ಯವಾಗಿ ಅಪ್ಪನ ಸಂಬಳದಲ್ಲಿ ಸೇರುತ್ತಿತ್ತು, 1970ರ ದಶಕದ ಕೊನೆಯಲ್ಲಿ ಅದನ್ನು ತೆಗೆದು ತಾಯಿಯ ಕೈಗೇ ಹಣ ಕೊಡತೊಡಗಿದರು. ಲುಂಡ್‌ಬರ್ಗ್, ಪೊಲಾಕ್, ವೇಲ್ಸ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ತೆಗೆದಾಗ, ಗಂಡಸರ ಬಟ್ಟೆಗೆ ಹೋಲಿಸಿದರೆ ಹೆಂಗಸರ ಮತ್ತು ಮಕ್ಕಳ ಬಟ್ಟೆಯ ಖರ್ಚು ಏರಿತ್ತು. ಕುಟುಂಬ ಅದೇ, ಹಣ ಬಂದ ಕೈ ಬೇರೆ.

ಹೊರಹೋಗುವ ಬಾಗಿಲು ತೆರೆದಿದ್ದರೆ ಸಂಸಾರ ಒಡೆಯುತ್ತದೆ ಎಂಬ ಭಯ ನಿಮ್ಮದು. ಕ್ಯಾಲಿಫೋರ್ನಿಯಾದಲ್ಲಿ 1970ರಿಂದ ತಪ್ಪು ಸಾಬೀತು ಮಾಡದೆಯೇ ವಿಚ್ಛೇದನ ಪಡೆಯುವ ಕಾನೂನು ಜಾರಿಗೆ ಬಂತು. ಬೇರೆ ರಾಜ್ಯಗಳೂ ಹಿಂಬಾಲಿಸಿದವು. ವಿಚ್ಛೇದನ ಮೊದಲಿಗೆ ಹೆಚ್ಚಿತು, ಸುಮಾರು ಹತ್ತು ವರ್ಷದಲ್ಲಿ ಆ ಏರಿಕೆ ಕರಗಿತು ಎಂದು ಜಸ್ಟಿನ್ ವುಲ್ಫರ್ಸ್ ತೋರಿಸಿದ್ದಾರೆ. ಬೆಟ್ಸಿ ಸ್ಟೀವನ್ಸನ್ ಜೊತೆಗೂಡಿ 2006ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ, ಈ ಕಾನೂನು ಬಂದ ರಾಜ್ಯಗಳಲ್ಲಿ ಹೆಂಗಸರ ಆತ್ಮಹತ್ಯೆ ಶೇ 8ರಿಂದ 16ರಷ್ಟು, ಮನೆಯೊಳಗಿನ ಹಿಂಸೆ ಸುಮಾರು ಶೇ 30ರಷ್ಟು ತಗ್ಗಿತ್ತು. ಇದರಲ್ಲಿ ಬಿಟ್ಟುಹೋದವರಷ್ಟೇ ಅಲ್ಲ, ಜೊತೆಗೇ ಉಳಿದವರೂ ಸೇರಿದ್ದಾರೆ. ಬಾಗಿಲು ತೆರೆದಿದೆ ಎಂದು ಗೊತ್ತಾದಾಗ ಒಳಗಿನ ವರ್ತನೆಯೂ ಬದಲಾಗುತ್ತದೆ.

ಬಾಗಿಲು ಕಾಗದದ ಮೇಲೆ ತೆರೆದಿದ್ದು, ಹೊರಗೆ ದುಡಿಯುವ ದಾರಿ ಮುಚ್ಚಿದ್ದರೆ ಉಪಯೋಗವಿಲ್ಲ. ಇಲ್ಲಿ ತೆರಿಗೆಯ ಕೈವಾಡ ಎಷ್ಟೆಂದು ಬಹಳ ಜನ ನೋಡುವುದೇ ಇಲ್ಲ. ಆದಾಯದ ಮೊದಲ 50ಕ್ಕೆ ಶೇ 10, ಅದರ ಮೇಲಿನದಕ್ಕೆ ಶೇ 30 ತೆರಿಗೆ ಎಂದಿಟ್ಟುಕೊಳ್ಳಿ. ಗಂಡನ ಆದಾಯ 100. ಹೆಂಡತಿಗೆ 40ರ ಕೆಲಸ ಸಿಕ್ಕಿದೆ. ಇಬ್ಬರಿಗೂ ಬೇರೆ ಬೇರೆ ತೆರಿಗೆ ಹಾಕಿದರೆ ಅವಳ ತೆರಿಗೆ 4. ಆದಾಯ ಒಟ್ಟುಗೂಡಿಸಿ ತೆರಿಗೆ ಹಾಕಿದರೆ ಅವಳ 40 ಪೂರ್ತಿ ಮೇಲಿನ ಸ್ಲ್ಯಾಬಿಗೆ ಬೀಳುತ್ತದೆ, ತೆರಿಗೆ 12. ಮಗುವನ್ನು ನೋಡಿಕೊಳ್ಳುವವರಿಗೆ 15 ಕೊಟ್ಟ ಮೇಲೆ ಮೊದಲನೆಯದರಲ್ಲಿ 21 ಉಳಿಯುತ್ತದೆ, ಎರಡನೆಯದರಲ್ಲಿ 13. ‘ಇಷ್ಟಕ್ಕೆ ಇಷ್ಟೊಂದು ಒದ್ದಾಟ ಯಾಕೆ, ಮನೆಯಲ್ಲೇ ಇರು’ ಎಂಬ ಮಾತು ಆ ಎಂಟರಲ್ಲೇ ಹುಟ್ಟುತ್ತದೆ. ಸ್ವೀಡನ್ 1971ರಲ್ಲಿ ದಂಪತಿಗೆ ಪ್ರತ್ಯೇಕ ತೆರಿಗೆ ತಂದಿತು; ಅಮೆರಿಕದಲ್ಲಿ 1948ರ ಜಂಟಿ ಪದ್ಧತಿ ಇಂದಿಗೂ ಇದೆ. ಶಿಶುಪಾಲನೆಯ ಲೈಸೆನ್ಸ್ ನಿಯಮಗಳಿಗೂ ಇದೇ ಲೆಕ್ಕ: ಆರು ಮಕ್ಕಳಿಗೊಬ್ಬ ಆಯಾ ಸಾಕು ಎನ್ನುವುದನ್ನು ನಾಲ್ಕಕ್ಕೆ ಇಳಿಸಿದರೆ ಪ್ರತಿ ಮಗುವಿನ ಮೇಲೆ ಬೀಳುವ ಸಂಬಳದ ಖರ್ಚು ಶೇ 50 ಏರುತ್ತದೆ. ಸುರಕ್ಷತೆಗೆ ಅದು ಬೇಕೇ ಬೇಕು ಎನ್ನುವವರು ಈ ಬೆಲೆಯನ್ನೂ ಹೇಳಬೇಕು.

ಒಪ್ಪಂದಕ್ಕೆ ಎರಡು ಗಡಿ ಇವೆ, ನನಗೆ ಇದರಲ್ಲಿ ರಾಜಿಯಿಲ್ಲ. ಒಂದು, ದೇಹ. ಮದುವೆಗೆ ಒಮ್ಮೆ ಒಪ್ಪಿದರೆ ಎಲ್ಲ ಕಾಲಕ್ಕೂ ಒಪ್ಪಿದಂತೆ ಎಂಬ ವಾದವನ್ನು ಇಂಗ್ಲೆಂಡಿನ ಕೋರ್ಟು ಕೈಬಿಟ್ಟದ್ದು 1991ರಲ್ಲಿ. ಅಷ್ಟು ತಡವಾದದ್ದು ನಾಚಿಕೆಗೇಡು. ಒಪ್ಪಿಗೆಯನ್ನು ಹಿಂಪಡೆಯಲಾಗದಿದ್ದರೆ ಅದು ಒಪ್ಪಿಗೆಯೇ ಅಲ್ಲ. ಇನ್ನೊಂದು, ಮಗು. ಅದು ಯಾವ ಕಾಗದಕ್ಕೂ ಸಹಿ ಹಾಕಿಲ್ಲ, ಆದ್ದರಿಂದ ಅಪ್ಪ ಅಮ್ಮನ ಒಪ್ಪಂದ ಅದರ ಹಕ್ಕನ್ನು ಕಡಿಮೆ ಮಾಡುವಂತಿಲ್ಲ.

ಇಷ್ಟು ಬಿಟ್ಟರೆ, ಮದುವೆಗೆ ಮುಂಚೆ ಷರತ್ತುಗಳನ್ನು ಬರೆದಿಟ್ಟುಕೊಳ್ಳುವುದು ಪ್ರೀತಿಗೆ ಅವಮಾನವಲ್ಲ. ಬರೆಯುವಾಗ ಎಡವುವುದು ಕೆಲವೇ ಕಡೆ. ಆಸ್ತಿ, ಸಾಲ ಎರಡನ್ನೂ ಪೂರ್ತಿ ತೋರಿಸದೇ ಇದ್ದರೆ ಒಪ್ಪಂದ ನಂತರ ಬಿದ್ದುಹೋಗುವ ಅಪಾಯ ಹೆಚ್ಚು. ಇಬ್ಬರಿಗೂ ಒಬ್ಬರೇ ವಕೀಲರಿದ್ದರೂ ಅಷ್ಟೆ. ಮದುವೆಗೆ ಎರಡು ದಿನ ಇರುವಾಗ ಹಾಕಿಸಿದ ಸಹಿ ಒತ್ತಾಯದಂತೆ ಕಾಣುತ್ತದೆ, ತಿಂಗಳುಗಳ ಮುಂಚೆಯೇ ಮುಗಿಸಿ. ಮನೆಗೆಲಸ ಯಾರು ಎಷ್ಟು ಮಾಡಬೇಕು ಎಂಬ ಷರತ್ತನ್ನು ಯಾವ ಕೋರ್ಟೂ ಜಾರಿ ಮಾಡಲಾರದು.

ಎಲ್ಲಕ್ಕಿಂತ ಮುಖ್ಯವಾದದ್ದು, ಕೆಲಸ ಬಿಟ್ಟು ಮನೆ ನೋಡಿಕೊಳ್ಳುವವರ ನಷ್ಟದ ಲೆಕ್ಕ. ಆ ನಷ್ಟ ಬಿಟ್ಟ ಸಂಬಳಕ್ಕೆ ಮುಗಿಯುವುದಿಲ್ಲ: 40ರ ಸಂಬಳ ಬಿಟ್ಟು ಐದು ವರ್ಷದ ನಂತರ 30ಕ್ಕೆ ಮರಳಿದರೆ, ಆ 10ರ ಕೊರತೆ ಮುಂದೆ ವರ್ಷಗಟ್ಟಲೆ ಜೊತೆಗೇ ಬರುತ್ತದೆ. ‘ಬೇರೆಯಾದರೆ ಆಗ ಇಷ್ಟು ಕೊಡುತ್ತೇನೆ’ ಎಂದು ಬರೆಸಿಕೊಳ್ಳಬೇಡಿ. ಆ ಹೊತ್ತಿಗೆ ಏನು ಉಳಿದಿರುತ್ತದೋ ಯಾರಿಗೆ ಗೊತ್ತು. ಬಿಟ್ಟ ಸಂಬಳದ ಅರ್ಧದಷ್ಟಾದರೂ, ನಿವೃತ್ತಿ ಉಳಿತಾಯದ ಪಾಲೂ ಸೇರಿ, ತಿಂಗಳು ತಿಂಗಳು ಅವರ ಒಬ್ಬರ ಹೆಸರಿನ ಖಾತೆಗೇ ಬೀಳಲಿ. ಮಗು ಹುಟ್ಟಿದಾಗ, ಒಬ್ಬರ ಕೆಲಸಕ್ಕಾಗಿ ಇನ್ನೊಬ್ಬರು ಊರು ಬಿಟ್ಟಾಗ, ಯಾರಾದರೂ ಕೆಲಸ ಬಿಟ್ಟಾಗ ಒಪ್ಪಂದವನ್ನು ಮತ್ತೆ ಕೂತು ತಿದ್ದಬೇಕು ಎಂದೂ ಬರೆದಿಡಿ. ನಿಮ್ಮ ದೇಶದ ಕೋರ್ಟುಗಳು ಇಂಥ ಒಪ್ಪಂದಗಳನ್ನು ಮಾನ್ಯ ಮಾಡದಿದ್ದರೂ ದಾರಿ ಮುಚ್ಚಿಲ್ಲ: ಮನೆಯ ದಾಖಲೆಯಲ್ಲಿ ಇಬ್ಬರ ಹೆಸರು, ಪ್ರತ್ಯೇಕ ಖಾತೆ, ನಾಮಿನಿ, ಉಯಿಲು, ಇವನ್ನು ಇಂದೇ ಸರಿಮಾಡಿಕೊಳ್ಳಬಹುದು. ಇವ್ಯಾವುವೂ ಆ ಒಪ್ಪಂದದ ಮೇಲೆ ನಿಂತಿಲ್ಲ.